ಸೇರಿಸಿದ್ದು ಹತ್ತು ಸಾಲು, ತುಂಬಿದ್ದು ಇಡೀ ಚಿಪ್: ಪುಟ್ಟ ಕಂಪ್ಯೂಟರ್‌ಗಳಲ್ಲಿ ಹೊಸ ಭಾಷಾ ಸೌಲಭ್ಯಗಳು ತರುವ ದೋಷಗಳ ಪತ್ತೆ ಮತ್ತು ಪರಿಹಾರ

ನಿನ್ನೆವರೆಗೆ ನೆಟ್ಟಗೆ ಓಡುತ್ತಿದ್ದ ಫರ್ಮ್‌ವೇರ್‌ಗೆ (ಚಿಪ್ ಒಳಗೆ ಓಡುವ ಪ್ರೋಗ್ರಾಂಗೆ) ಇವತ್ತು ಸಿ++ನ ಒಂದು ಲ್ಯಾಂಬ್ಡಾ (ಬಳಸುವ ಜಾಗದಲ್ಲೇ ಬರೆಯುವ ಹೆಸರಿಲ್ಲದ ಫಂಕ್ಷನ್), ಒಂದು ವೆಕ್ಟರ್ (ಬೇಕಾದಂತೆ ಬೆಳೆಯುವ ಪಟ್ಟಿ), ಒಟ್ಟು ಹತ್ತು ಸಾಲು ಸೇರಿಸಿದ್ದೀರಿ. ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್ ‘ಫ್ಲ್ಯಾಶ್ ರೀಜನ್ ಓವರ್‌ಫ್ಲೋ’ ಎಂದು ಕೈಚೆಲ್ಲಿದೆ. ಇಲ್ಲವೇ ಬಿಲ್ಡ್ ಆಗಿದೆ, ಆದರೆ ಬೋರ್ಡ್ ಆಗಾಗ ತಾನಾಗೇ ರೀಸೆಟ್ ಆಗುತ್ತದೆ, ಸೀರಿಯಲ್ ಮಾನಿಟರ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳು ಉದುರುತ್ತವೆ. ಅದೂ ಇಲ್ಲವೆಂದರೆ ಎಲ್ಲ ಸರಿಯಿದ್ದು ಮುಖ್ಯ ಲೂಪ್ ಮಾತ್ರ ಮೊದಲಿನ ವೇಗದಲ್ಲಿ ತಿರುಗುತ್ತಿಲ್ಲ.

ಇಂಥ ಹೊತ್ತಿಗೆಂದೇ ಒಂದು ಸಿದ್ಧ ಉಪದೇಶ ಕಾದು ಕೂತಿರುತ್ತದೆ: ಚಿಕ್ಕ ಚಿಪ್‌ಗೆ ಸಿ ಸಾಕಲ್ಲ, ಸಿ++ ಯಾಕೆ ಬೇಕಿತ್ತು? ಸದ್ಯಕ್ಕೆ ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ. ಹೊಸ ಸೌಲಭ್ಯಗಳಲ್ಲಿ ಕೆಲವು ಒಂದು ಬೈಟ್ ಕೂಡ ಕೇಳುವುದಿಲ್ಲ, ಕೆಲವು ಉಳಿತಾಯವನ್ನೇ ಮಾಡಿಕೊಡುತ್ತವೆ. ದುಬಾರಿ ಬೀಳುವುದು ಸಾಮಾನ್ಯವಾಗಿ ಅವುಗಳ ಬೆನ್ನಿಗೆ ಬರುವ ಲೈಬ್ರರಿ ಕೋಡ್. ಯಾರ ಬೆನ್ನಿಗೆ ಯಾರು ಬಂದರು ಎಂಬುದನ್ನು ಲಿಂಕರ್ ಬರೆದೇ ಇಡುತ್ತದೆ, ಊಹಿಸುತ್ತಾ ಕೂರಬೇಕಿಲ್ಲ.

ಮೊದಲು: ಕೊರತೆ ಯಾವುದರದ್ದು?

‘ಮೆಮೊರಿ ಸಾಲುತ್ತಿಲ್ಲ’ ಎಂಬ ಒಂದೇ ದೂರಿನೊಳಗೆ ಮೂರು ಬೇರೆ ದೋಷಗಳು ಅಡಗಿರುತ್ತವೆ. ಪ್ರೋಗ್ರಾಂ ಕೂರುವ ಫ್ಲ್ಯಾಶ್ ಸಾಲದಿರಬಹುದು, ಗ್ಲೋಬಲ್‌ಗಳಿಗೇ ರ‍್ಯಾಮ್ ಮುಗಿದಿರಬಹುದು, ಅಥವಾ ಓಡುವಾಗ ಸ್ಟ್ಯಾಕ್ (ಫಂಕ್ಷನ್ ಕಾಲ್‌ಗಳು ಬಳಸುವ ರ‍್ಯಾಮ್) ಮತ್ತು ಹೀಪ್ (ಬೇಕಾದಾಗ ಕೇಳಿ ಪಡೆಯುವ ರ‍್ಯಾಮ್) ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರಬಹುದು. ಮದ್ದು ಮೂರಕ್ಕೂ ಬೇರೆ. ಆದ್ದರಿಂದ ಮೊದಲ ಕೆಲಸ ‘ಸೈಜ್’ ಟೂಲ್ ಓಡಿಸುವುದು (ಎವಿಆರ್, ಆರ್ಮ್ ಎಂಬ ಎರಡೂ ಚಿಪ್ ಕುಟುಂಬಗಳಿಗೆ ಅವುಗಳದೇ ಆವೃತ್ತಿ ಕಂಪೈಲರ್ ಜೊತೆ ಬರುತ್ತದೆ). ಅದು ಟೆಕ್ಸ್ಟ್ (ಕೋಡ್), ಡೇಟಾ (ಆರಂಭಿಕ ಬೆಲೆಯಿರುವ ವೇರಿಯಬಲ್‌ಗಳು), ಬಿಎಸ್‌ಎಸ್ (ಸೊನ್ನೆಯಿಂದ ಶುರುವಾಗುವ ವೇರಿಯಬಲ್‌ಗಳು) ಎಂದು ಮೂರು ಅಂಕಿ ಕೊಡುತ್ತದೆ. ಫ್ಲ್ಯಾಶ್ ಬಳಕೆ ಎಂದರೆ ಟೆಕ್ಸ್ಟ್ ಮತ್ತು ಡೇಟಾ ಕೂಡಿದ್ದು. ರ‍್ಯಾಮ್ ಬಳಕೆ ಎಂದರೆ ಡೇಟಾ ಮತ್ತು ಬಿಎಸ್‌ಎಸ್ ಕೂಡಿದ್ದು. ಡೇಟಾ ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಆರಂಭಿಕ ಬೆಲೆಗಳು ಫ್ಲ್ಯಾಶ್‌ನಲ್ಲಿದ್ದು, ಚಿಪ್ ಎದ್ದ ಕೂಡಲೇ ರ‍್ಯಾಮ್‌ಗೆ ನಕಲಾಗುತ್ತವೆ.

ಎದುರಿಗೆ ಚಿಪ್‌ನ ಅಳತೆ ಬರೆದಿಟ್ಟುಕೊಳ್ಳಿ. ಆರ್ಡ್ವಿನೊ ಯುನೊದ ಎಟಿಮೆಗಾ328ಪಿಯಲ್ಲಿ 32 ಕೆಬಿ ಫ್ಲ್ಯಾಶ್, 2 ಕೆಬಿ ರ‍್ಯಾಮ್. ಎಸ್‌ಟಿಎಂ32ಎಫ್103ಸಿ8ನಲ್ಲಿ 64 ಕೆಬಿ ಮತ್ತು 20 ಕೆಬಿ. ರಾಸ್ಪ್‌ಬೆರಿ ಪೈ ಪಿಕೊದ ಆರ್‌ಪಿ2040ನಲ್ಲಿ ರ‍್ಯಾಮ್ 264 ಕೆಬಿ. ಈ ಸಾಲಿನಲ್ಲಿ ಅದು ಶ್ರೀಮಂತ.

ಇನ್ನೊಂದು ಮಾತು, ಇದನ್ನು ನೋಡದೆ ಮುಂದೆ ಹೋಗಬೇಡಿ: ನೀವು ಅಳೆಯುತ್ತಿರುವುದು ಡೀಬಗ್ ಬಿಲ್ಡ್ ಇರಬಹುದು. ಆಪ್ಟಿಮೈಸೇಶನ್ ಸೊನ್ನೆಯಲ್ಲಿದ್ದರೆ ಟೆಂಪ್ಲೇಟ್‌ಗಳ (ಕಂಪೈಲರ್ ವಿಧಕ್ಕೆ ತಕ್ಕಂತೆ ಪ್ರತಿ ಮಾಡುವ ಕೋಡ್ ಅಚ್ಚುಗಳ) ಪದರಗಳು ಕರಗುವುದೇ ಇಲ್ಲ, ಪ್ರತಿ ಪುಟ್ಟ ಫಂಕ್ಷನ್ನೂ ನಿಜವಾದ ಕಾಲ್ ಆಗಿಯೇ ಉಳಿಯುತ್ತದೆ. ಗಾತ್ರ ತಗ್ಗಿಸುವ ‘-ಓಎಸ್’ ಹಾಕಿ. ಕಂಪೈಲರ್‌ಗೆ ಫಂಕ್ಷನ್-ಸೆಕ್ಷನ್ಸ್, ಡೇಟಾ-ಸೆಕ್ಷನ್ಸ್ ಕೊಡಿ, ಲಿಂಕರ್‌ಗೆ ಜಿಸಿ-ಸೆಕ್ಷನ್ಸ್ ಕೊಡಿ; ಯಾರೂ ಬಳಸದ ಫಂಕ್ಷನ್, ಡೇಟಾ ಹೊರಗುಳಿಯುತ್ತವೆ. ಹಲವರ ದೋಷ ಇಲ್ಲಿಗೇ ಪರಿಹಾರವಾಗುತ್ತದೆ.

ಫ್ಲ್ಯಾಶ್ ತುಂಬಿದಾಗ

ಲಿಂಕರ್‌ಗೆ ಮ್ಯಾಪ್ ಫೈಲ್ ಬರೆಯಲು ಹೇಳಿ, ಅದರ ಮೊದಲ ಭಾಗವನ್ನೇ ಓದಿ. ‘ಆರ್ಕೈವ್ ಮೆಂಬರ್ ಇನ್‌ಕ್ಲೂಡೆಡ್’ ಎಂದು ಶುರುವಾಗುವ ಆ ಪಟ್ಟಿಯಲ್ಲಿ ಲೈಬ್ರರಿಯಿಂದ ಒಳಗೆ ಬಂದ ಪ್ರತಿ ಆಬ್ಜೆಕ್ಟ್ ಫೈಲ್‌ನ ಹೆಸರಿದೆ, ಅದನ್ನು ಕರೆಸಿಕೊಂಡ ಫೈಲ್ ಯಾವುದು, ಯಾವ ಸಿಂಬಲ್‌ಗಾಗಿ (ಫಂಕ್ಷನ್ ಅಥವಾ ವೇರಿಯಬಲ್ ಹೆಸರಿಗಾಗಿ) ಕರೆಸಿತು ಎಂಬುದೂ ಇದೆ. ಬಹಳ ಜನ ಈ ಭಾಗವನ್ನು ದಾಟಿ ಕೆಳಗಿನ ವಿಳಾಸಗಳ ಪಟ್ಟಿಗೆ ಹೋಗುತ್ತಾರೆ. ನನ್ನ ಪ್ರಕಾರ ಇಡೀ ಫೈಲ್‌ನಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಈ ಭಾಗವೇ.

ಆರ್ಮ್‌ಗಿರುವ ಜಿಸಿಸಿ ಕಂಪೈಲರ್‌ನಲ್ಲಿ ಒಂದು ವೆಕ್ಟರ್ ಸೇರಿಸಿದಾಗ ಅಲ್ಲಿ ಕಾಣುವ ಸರಪಳಿಯನ್ನು ಹತ್ತಿರದಿಂದ ನೋಡೋಣ. ವೆಕ್ಟರ್‌ನ ಕೊನೆಗೆ ಅಂಶ ಸೇರಿಸುವ ಪುಶ್-ಬ್ಯಾಕ್, ಜಾಗ ಬೆಳೆಸುವಾಗ ಮಿತಿ ಮೀರಿದರೆ ‘ಥ್ರೋ ಲೆಂಗ್ತ್ ಎರರ್’ ಎಂಬ ಫಂಕ್ಷನ್ ಕರೆಯಬೇಕು. ಅದು ಇರುವುದು ‘ಫಂಕ್ಟ್‌ಎಕ್ಸೆಪ್ಟ್’ ಎಂಬ ಫೈಲ್‌ನಲ್ಲಿ. ಆ ಫೈಲ್ ಎಕ್ಸೆಪ್ಷನ್ (ದೋಷದ ಸೂಚನೆ) ಎಸೆಯುವ ಕೋಡನ್ನು ಎಳೆಯುತ್ತದೆ, ಅದು ಸ್ಟ್ಯಾಕ್ ಬಿಚ್ಚುವ ಅನ್‌ವೈಂಡರ್‌ ಅನ್ನು ಎಳೆಯುತ್ತದೆ. ಯಾರೂ ಹಿಡಿಯದ ಎಕ್ಸೆಪ್ಷನ್‌ಗೆಂದು ‘ವಿಟರ್ಮಿನೇಟ್’ ಬರುತ್ತದೆ. ಸಾಯುವ ಮುನ್ನ ಎಕ್ಸೆಪ್ಷನ್‌ನ ಹೆಸರನ್ನು ಓದಬಲ್ಲ ರೂಪದಲ್ಲಿ ಮುದ್ರಿಸಬೇಕೆಂಬುದು ಅದರ ಹಂಬಲ; ಅದಕ್ಕಾಗಿ ‘ಸಿಪಿ-ಡಿಮ್ಯಾಂಗಲ್’ ಅನ್ನು ಕರೆತರುತ್ತದೆ. ಈ ಡಿಮ್ಯಾಂಗ್ಲರ್ ಒಂದೇ ಹತ್ತಾರು ಕೆಬಿ ತಿನ್ನಬಲ್ಲದು. ಅದು ಮುದ್ರಿಸಿದ್ದನ್ನು ತೋರಿಸಲು ನಿಮ್ಮ ಬೋರ್ಡ್‌ನಲ್ಲಿ ಪರದೆಯೇ ಇಲ್ಲ.

‘ನಾನು ಎಕ್ಸೆಪ್ಷನ್ ಆಫ್ ಮಾಡಿದ್ದೇನಲ್ಲ!’ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ‘-ಎಫ್‌ನೋ-ಎಕ್ಸೆಪ್ಷನ್ಸ್’ ಫ್ಲ್ಯಾಗ್ ನೀವು ಕಂಪೈಲ್ ಮಾಡುವ ಕೋಡ್‌ಗಷ್ಟೇ ಅನ್ವಯ. ಟೂಲ್‌ಚೈನ್ (ಕಂಪೈಲರ್, ಲಿಂಕರ್ ಮುಂತಾದವುಗಳ ಕಟ್ಟು) ಜೊತೆ ಸಿದ್ಧವಾಗಿ ಬಂದ ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಯಾರೋ ಎಂದೋ ಎಕ್ಸೆಪ್ಷನ್ ಸಮೇತ ಕಂಪೈಲ್ ಮಾಡಿಟ್ಟಿದ್ದಾರೆ, ನಿಮ್ಮ ಫ್ಲ್ಯಾಗ್ ಅದನ್ನು ಮುಟ್ಟಲಾರದು. ಪರಿಹಾರ ಎರಡು. ಸುಲಭದ್ದು, ಲಿಂಕರ್‌ಗೆ ‘ನ್ಯಾನೊ ಸ್ಪೆಕ್ಸ್’ ಕೊಡುವುದು. ಆಗ ಎಕ್ಸೆಪ್ಷನ್ ಇಲ್ಲದೆ, ಗಾತ್ರಕ್ಕೆಂದೇ ಕಂಪೈಲ್ ಮಾಡಿದ ಇನ್ನೊಂದು ಪ್ರತಿ ಲಿಂಕ್ ಆಗುತ್ತದೆ. (ನ್ಯಾನೊದಲ್ಲಿ ಪ್ರಿಂಟ್‌ಎಫ್ ದಶಮಾಂಶ ಸಂಖ್ಯೆ ಮುದ್ರಿಸುವುದಿಲ್ಲ. ಬೇಕೆಂದರೆ ಪ್ರತ್ಯೇಕ ಲಿಂಕರ್ ಆಯ್ಕೆಯಿಂದ ಸೇರಿಸಿಕೊಳ್ಳಬೇಕು, ಅದಕ್ಕೂ ಫ್ಲ್ಯಾಶ್ ಹೋಗುತ್ತದೆ.) ಎರಡನೆಯದು, ವಿಟರ್ಮಿನೇಟ್ ಫೈಲ್‌ನಲ್ಲಿರುವ ‘ವರ್ಬೋಸ್ ಟರ್ಮಿನೇಟ್ ಹ್ಯಾಂಡ್ಲರ್’ ಹೆಸರಿನ ಫಂಕ್ಷನ್ ಅನ್ನು ನೀವೇ ನಾಲ್ಕು ಸಾಲಿನಲ್ಲಿ ಬರೆದು, ಒಳಗೆ ರೀಸೆಟ್ ಮಾಡಿಸುವುದು. ಲಿಂಕರ್‌ಗೆ ನಿಮ್ಮದು ಮೊದಲು ಸಿಗುವುದರಿಂದ ಲೈಬ್ರರಿಯದು ಒಳಗೆ ಬರುವುದೇ ಇಲ್ಲ, ಡಿಮ್ಯಾಂಗ್ಲರ್ ಕೂಡ ಹೊರಗೇ ಉಳಿಯುತ್ತದೆ.

ಇದೇ ಸರಪಳಿ ಇನ್ನೊಂದು ಬಾಗಿಲಿನಿಂದಲೂ ಒಳಗೆ ಬರುತ್ತದೆ. ಫಂಕ್ಷನ್ ಒಳಗೆ ಸ್ಟ್ಯಾಟಿಕ್ ಆಬ್ಜೆಕ್ಟ್ ಇಟ್ಟರೆ, ಸಿ++11ರಿಂದ ಅದರ ಮೊದಲ ಆರಂಭ ಥ್ರೆಡ್-ಸೇಫ್ (ಒಟ್ಟಿಗೆ ಓಡುವ ಹಲವು ಥ್ರೆಡ್‌ಗಳು ಮುಟ್ಟಿದರೂ ಸುರಕ್ಷಿತ) ಆಗಿರಬೇಕೆಂಬುದು ನಿಯಮ. ಹಾಗಾಗಿ ಕಂಪೈಲರ್ ಪ್ರತಿ ಸಲ ಒಂದು ಗಾರ್ಡ್ ವೇರಿಯಬಲ್ ಪರೀಕ್ಷಿಸುತ್ತದೆ, ಮೊದಲ ಸಲ ‘ಗಾರ್ಡ್ ಅಕ್ವೈರ್’ ಕರೆಯುತ್ತದೆ. ಆ ಫಂಕ್ಷನ್, ತನ್ನನ್ನೇ ಮತ್ತೆ ಕರೆದುಕೊಂಡ ಆರಂಭವನ್ನು ಕಂಡರೆ ಎಕ್ಸೆಪ್ಷನ್ ಎಸೆಯಬೇಕು. ಅಲ್ಲಿಂದ ಮುಂದೆ ಮೇಲಿನ ಕಥೆಯೇ. ಥ್ರೆಡ್‌ಗಳೇ ಇಲ್ಲದ ಫರ್ಮ್‌ವೇರ್‌ನಲ್ಲಿ ‘-ಎಫ್‌ನೋ-ಥ್ರೆಡ್‌ಸೇಫ್-ಸ್ಟ್ಯಾಟಿಕ್ಸ್’ ಹಾಕಿ ಮುಗಿಸಿ. ಆದರೆ ಅದೇ ಫಂಕ್ಷನ್ ಅನ್ನು ಇಂಟರಪ್ಟ್‌ನಿಂದಲೂ (ನಡೆಯುತ್ತಿರುವ ಕೆಲಸವನ್ನು ತಡೆದು ಓಡುವ ಕೋಡ್‌ನಿಂದಲೂ) ಕರೆಯುತ್ತಿದ್ದರೆ, ಇಂಟರಪ್ಟ್ ಚಾಲೂ ಮಾಡುವ ಮುನ್ನ ಒಮ್ಮೆ ಕರೆದು ಆರಂಭ ಮುಗಿಸಿಬಿಡಿ.

ಸರಪಳಿ ಏನೂ ಕಾಣದೆ ಟೆಕ್ಸ್ಟ್ ಮಾತ್ರ ಉಬ್ಬಿದ್ದರೆ ‘ಎನ್‌ಎಂ’ ಟೂಲ್‌ನಿಂದ ಸಿಂಬಲ್‌ಗಳನ್ನು ಗಾತ್ರದ ಕ್ರಮದಲ್ಲಿ ಪಟ್ಟಿ ಮಾಡಿಸಿ. ಒಂದೇ ಫಂಕ್ಷನ್ ಹೆಸರು 8, 16, 32, 64 ಎಂದು ಬೇರೆ ಬೇರೆ ಅಂಕಿ ಹೊತ್ತು ಸಾಲಾಗಿ ನಿಂತಿದ್ದರೆ ಅದು ಟೆಂಪ್ಲೇಟ್ ನಕಲುಗಳ ಕೆಲಸ: ಬಫರ್‌ನ ಪ್ರತಿ ಅಳತೆಗೂ ಕಂಪೈಲರ್ ಒಂದೊಂದು ಪ್ರತಿ ಮಾಡಿದೆ. ಗಾತ್ರವನ್ನು ಅವಲಂಬಿಸದ ಕೆಲಸವನ್ನು ಪಾಯಿಂಟರ್ ಮತ್ತು ಉದ್ದ ತೆಗೆದುಕೊಳ್ಳುವ ಸಾಮಾನ್ಯ ಫಂಕ್ಷನ್‌ಗೆ ಸಾಗಿಸಿ, ಟೆಂಪ್ಲೇಟ್ ಅನ್ನು ಮೇಲಿನ ತೆಳು ಹೊದಿಕೆಯಾಗಿ ಉಳಿಸಿಕೊಳ್ಳಿ. ಪಟ್ಟಿಯಲ್ಲಿ ಲೋಕೇಲ್, ಐಓಎಸ್ ಎಂಬ ಹೆಸರುಗಳು ಸಾಲುಗಟ್ಟಿದ್ದರೆ ಯಾರೋ ಐಓಸ್ಟ್ರೀಮ್ ಲೈಬ್ರರಿಯ ಸಿ-ಔಟ್‌ನಿಂದ ಮುದ್ರಿಸಿದ್ದಾರೆ. ಅದಕ್ಕೆ ಔಷಧ ಹುಡುಕಬೇಡಿ, ತೆಗೆದುಹಾಕಿ. 64 ಕೆಬಿ ಚಿಪ್‌ನಲ್ಲಿ ಐಓಸ್ಟ್ರೀಮ್‌ಗೆ ಜಾಗವಿಲ್ಲ.

ಎವಿಆರ್‌ನಲ್ಲಿ ರ‍್ಯಾಮ್ ಕಾಣೆಯಾಗುವ ಬಗೆ

ಎಂಟು ಬಿಟ್ ಎವಿಆರ್‌ನಲ್ಲಿ ಪ್ರೋಗ್ರಾಂ ಮೆಮೊರಿಯ ವಿಳಾಸಗಳೇ ಬೇರೆ, ಡೇಟಾ ಮೆಮೊರಿಯ ವಿಳಾಸಗಳೇ ಬೇರೆ. ಸಾಮಾನ್ಯ ಪಾಯಿಂಟರ್ ಒಂದು ಫ್ಲ್ಯಾಶ್‌ ಒಳಗೆ ಇಣುಕಲಾರದು. ಹಾಗಾಗಿ ಎಟಿಮೆಗಾ328ಪಿಯಂಥ ಚಿಪ್‌ಗಳಲ್ಲಿ ಬದಲಾಗದ ಡೇಟಾ ಕೂಡ ರ‍್ಯಾಮ್‌ಗೆ ನಕಲಾಗುತ್ತದೆ.

ಇಲ್ಲಿ ಹೆಚ್ಚು ಜನರನ್ನು ಬೀಳಿಸುವುದು ‘ಕಾನ್ಸ್ಟ್‌ಎಕ್ಸ್‌ಪ್ರ್’. ಕಂಪೈಲ್ ಸಮಯದಲ್ಲೇ ಲೆಕ್ಕ ಮುಗಿಯುತ್ತದೆ, ಆದ್ದರಿಂದ ಟೇಬಲ್ ಫ್ಲ್ಯಾಶ್‌ನಲ್ಲೇ ಇರುತ್ತದೆ ಎಂದು ಭಾವಿಸಿ 256 ಬೆಲೆಗಳ 16 ಬಿಟ್ ಸೈನ್ ಟೇಬಲ್ ಕಟ್ಟುತ್ತಾರೆ. ಲೆಕ್ಕ ಮುಗಿಯುವುದು ಕಂಪೈಲ್ ಸಮಯದಲ್ಲೇ, ನಿಜ. ಆದರೆ ಟೇಬಲ್‌ನ 512 ಬೈಟ್ ಬಂದು ಕೂರುವುದು ರ‍್ಯಾಮ್‌ನಲ್ಲಿ, ಅಂದರೆ ಯುನೊದ ಒಟ್ಟು ರ‍್ಯಾಮ್‌ನ ಕಾಲು ಭಾಗ. ಸೈಜ್ ವರದಿಯಲ್ಲಿ ಡೇಟಾ ಅಂಕಿ ಸರಿಯಾಗಿ 512 ಏರಿದ್ದರೆ ಇದೇ ಎಂದು ತಿಳಿಯಿರಿ. ಟೇಬಲ್‌ಗೆ ‘ಪ್ರೋಗ್‌ಮೆಮ್’ ಗುರುತು ಹಾಕಿ, ಓದುವಾಗ ಅದಕ್ಕೆಂದೇ ಇರುವ ಫಂಕ್ಷನ್‌ಗಳಿಂದ ಓದಿ. ಸೀರಿಯಲ್‌ಗೆ ಕಳಿಸುವ ಸಂದೇಶಗಳದ್ದೂ ಇದೇ ಪಾಡು. ಅಲ್ಲಿ ಆರ್ಡ್ವಿನೊದ ‘ಎಫ್’ ಮ್ಯಾಕ್ರೊ ಸಾಕು. ಅದೇ ಕಾನ್ಸ್ಟ್‌ಎಕ್ಸ್‌ಪ್ರ್‌ನಿಂದ ಬಾಡ್ ರೇಟ್‌ನ (ಸೀರಿಯಲ್ ವೇಗದ) ಭಾಜಕದಂಥ ಒಂಟಿ ಬೆಲೆ ಲೆಕ್ಕ ಹಾಕಿಸಿದರೆ ಖರ್ಚು ಸೊನ್ನೆ. ಸಂಖ್ಯೆ ನೇರವಾಗಿ ಇನ್‌ಸ್ಟ್ರಕ್ಷನ್ ಒಳಗೇ ಸೇರಿಕೊಳ್ಳುತ್ತದೆ, ಓಡುವಾಗ ಆಗಬೇಕಿದ್ದ ಭಾಗಾಕಾರವೂ ಉಳಿಯುತ್ತದೆ.

ವರ್ಚುವಲ್ ಫಂಕ್ಷನ್‌ಗಳ (ಯಾವುದನ್ನು ಕರೆಯಬೇಕೆಂದು ಓಡುವಾಗ ತೀರ್ಮಾನವಾಗುವವುಗಳ) ಟೇಬಲ್‌ಗಳೂ ಎವಿಆರ್ ಜಿಸಿಸಿಯಲ್ಲಿ ರ‍್ಯಾಮ್‌ಗೇ ಬರುತ್ತವೆ. ಒಂದು ಕ್ಲಾಸ್‌ಗೆ ಆರು ವರ್ಚುವಲ್ ಫಂಕ್ಷನ್ ಇದ್ದರೆ ತಲಾ 2 ಬೈಟ್, ಮೇಲೆ ಟೇಬಲ್‌ನ ತಲೆಗೆ 4 ಬೈಟ್, ಒಟ್ಟು 16. ಹತ್ತು ಕ್ಲಾಸ್‌ಗೆ 160 ಬೈಟ್. ಜೊತೆಗೆ ಪ್ರತಿ ಆಬ್ಜೆಕ್ಟ್‌ಗೂ 2 ಬೈಟ್ ಪಾಯಿಂಟರ್. ‘ಸೆನ್ಸರ್’ ಎಂಬ ಬೇಸ್ ಕ್ಲಾಸ್ ಮಾಡಿ, ಇರುವ ಒಂದೇ ಸೆನ್ಸರ್ ಅನ್ನು ಅದರಿಂದ ಇಳಿಸುವ ಅಭ್ಯಾಸ ಇದ್ದರೆ ಇಲ್ಲಿ ಬಿಡುವುದು ಒಳ್ಳೆಯದು.

ಬಿಲ್ಡ್ ಆಗುತ್ತದೆ, ಓಡುತ್ತಾ ಓಡುತ್ತಾ ಸಾಯುತ್ತದೆ

ಸೈಜ್ ವರದಿಯಲ್ಲಿ ರ‍್ಯಾಮ್ ಧಾರಾಳವಾಗಿ ಉಳಿದಿದೆ, ಆದರೂ ರೀಸೆಟ್. ಆ ವರದಿಗೆ ಸ್ಟ್ಯಾಕ್ ಮತ್ತು ಹೀಪ್ ಗೊತ್ತೇ ಇಲ್ಲ ಎಂಬುದನ್ನು ನೆನಪಿಡಿ.

ಮೊದಲ ಅನುಮಾನ ಹೀಪ್ ಮೇಲೆ ಇರಲಿ. ಹೊಸ ಶೈಲಿಯ ಕೋಡ್‌ನಲ್ಲಿ ‘ನ್ಯೂ’ ಎಂಬ ಪದ ಎಲ್ಲೂ ಕಾಣದೆ ಹೀಪ್ ಬಳಕೆಯಾಗುತ್ತದೆ. ಕರೆಯಬಹುದಾದ ಯಾವುದನ್ನಾದರೂ ಹಿಡಿದಿಡುವ, ಸ್ಟ್ಯಾಂಡರ್ಡ್ ಲೈಬ್ರರಿಯ ‘ಫಂಕ್ಷನ್’ ಎಂಬ ಕ್ಲಾಸ್ ಇದಕ್ಕೆ ಒಳ್ಳೆಯ ಉದಾಹರಣೆ. 32 ಬಿಟ್ ಆರ್ಮ್‌ನಲ್ಲಿ ಜಿಸಿಸಿಯ ಲೈಬ್ರರಿಯಲ್ಲಿ ಅದರ ಗಾತ್ರ 16 ಬೈಟ್. ಅದರೊಳಗೆ ಲ್ಯಾಂಬ್ಡಾ ಹಿಡಿದ (ಹೊರಗಿನಿಂದ ತನ್ನ ಜೊತೆ ಒಯ್ಯುವ) ವೇರಿಯಬಲ್‌ಗಳಿಗೆಂದು ಇರುವ ಜಾಗ 8 ಬೈಟ್. ಬಟನ್ ಕಾಲ್‌ಬ್ಯಾಕ್‌ನಲ್ಲಿ ಪಿನ್ ಸಂಖ್ಯೆ (4 ಬೈಟ್), ಒಂದು ಆಬ್ಜೆಕ್ಟ್‌ನ ರೆಫರೆನ್ಸ್ (4 ಬೈಟ್) ಹಿಡಿದಿರಿ. ಒಳಗೇ ಹಿಡಿಸಿತು, ಹೀಪ್ ಮುಟ್ಟಲಿಲ್ಲ. ಮಾರನೇ ದಿನ ಟೈಮ್‌ಔಟ್ ಎಂದು ಮೂರನೆಯದನ್ನು ಸೇರಿಸಿದಿರಿ. 12 ಬೈಟ್ ಆಯಿತು, ಈಗ ಪ್ರತಿ ನಿಯೋಜನೆಗೂ ಸದ್ದಿಲ್ಲದೆ ಹೀಪ್‌ನಿಂದ ಜಾಗ ಕೇಳಲಾಗುತ್ತದೆ. ‘ಎಲ್ಲವನ್ನೂ ರೆಫರೆನ್ಸ್ ಆಗಿ ಹಿಡಿ’ ಎಂದು ಬರೆದರೂ ಒಳಗೆ ಬಳಸಿದ ಪ್ರತಿ ಹೆಸರಿಗೂ ಒಂದು ಪಾಯಿಂಟರ್ ಸೇರುತ್ತಾ ಹೋಗುತ್ತದೆ. ಶೇರ್ಡ್ ಪಾಯಿಂಟರ್ ಗಾತ್ರ ಸರಿಯಾಗಿ 8 ಬೈಟ್ ಇದ್ದರೂ ಅದನ್ನು ಬೈಟ್ ಬೈಟ್ ನಕಲು ಮಾಡುವಂತಿಲ್ಲವಾದ್ದರಿಂದ ಅದು ಹೀಪ್‌ಗೇ ಹೋಗುತ್ತದೆ.

ಹಿಡಿಯಲು ಸರಳ ಬಲೆ ಇದೆ. ಲಿಂಕರ್‌ನ ‘ವ್ರ್ಯಾಪ್’ ಆಯ್ಕೆಯಿಂದ ಹೀಪ್‌ನಿಂದ ಜಾಗ ಕೇಳುವ ಮ್ಯಾಲಕ್ ಕಾಲ್‌ಗಳನ್ನು ನಿಮ್ಮ ಫಂಕ್ಷನ್‌ಗೆ ತಿರುಗಿಸಿ. ಆರಂಭದ ಕೆಲಸ ಮುಗಿದ ಮೇಲೆ ಒಂದು ಫ್ಲ್ಯಾಗ್ ಏರಿಸಿ. ಆ ಬಳಿಕ ಯಾರಾದರೂ ಮ್ಯಾಲಕ್ ಕರೆದರೆ ಬ್ರೇಕ್‌ಪಾಯಿಂಟ್‌ನಲ್ಲಿ ನಿಲ್ಲಿಸಿ, ಕಾಲ್ ಸ್ಟ್ಯಾಕ್ ನೋಡಿ. ಅಪರಾಧಿ ಹೆಸರು ಸಮೇತ ಸಿಗುತ್ತಾನೆ. ಪರಿಹಾರಕ್ಕೆ ಲ್ಯಾಂಬ್ಡಾವನ್ನೇ ಬಿಡಬೇಕಿಲ್ಲ: ಬೇಕಾದ್ದನ್ನೆಲ್ಲ ಕ್ಲಾಸ್‌ನ ಸದಸ್ಯರಾಗಿಟ್ಟು ‘ದಿಸ್’ (ಆ ಆಬ್ಜೆಕ್ಟ್‌ನ ಪಾಯಿಂಟರ್) ಒಂದನ್ನೇ ಹಿಡಿಯಿರಿ. ಏನನ್ನೂ ಹಿಡಿಯದ ಲ್ಯಾಂಬ್ಡಾ ಮಾಮೂಲಿ ಫಂಕ್ಷನ್ ಪಾಯಿಂಟರ್ ಆಗಿಬಿಡುತ್ತದೆ, ಅದಕ್ಕೆ ಹೆಚ್ಚುವರಿ ಖರ್ಚಿಲ್ಲ.

ರೇಂಜ್ ಫಾರ್ ಲೂಪ್‌ನಲ್ಲಿ ಬರೀ ‘ಆಟೊ’ ಎಂದು ಬರೆದರೆ ಪ್ರತಿ ಅಂಶದ ನಕಲು ತಯಾರಾಗುತ್ತದೆ. ಅಂಶ ಸ್ಟ್ರಿಂಗ್ ಆಗಿದ್ದು 15 ಅಕ್ಷರ ಮೀರಿದ್ದರೆ, ಅದೇ ಲೈಬ್ರರಿಯಲ್ಲಿ, ಪ್ರತಿ ಸುತ್ತಿಗೂ ಒಂದು ಹೀಪ್ ಬೇಡಿಕೆ. ‘ಕಾನ್ಸ್ಟ್ ಆಟೊ’ ಜೊತೆ ರೆಫರೆನ್ಸ್ ಚಿಹ್ನೆ ಸೇರಿಸಿದರೆ ಮುಗಿಯಿತು. ಸಿ++20ರ ಕೊರೂಟೀನ್‌ಗಳು (ನಡುವೆ ನಿಂತು ಮತ್ತೆ ಮುಂದುವರಿಯಬಲ್ಲ ಫಂಕ್ಷನ್‌ಗಳು) ತಮ್ಮ ಫ್ರೇಮ್ ಅನ್ನು ಸಾಮಾನ್ಯವಾಗಿ ಹೀಪ್‌ನಲ್ಲೇ ಇಡುತ್ತವೆ. ಕಂಪೈಲರ್ ಅದನ್ನು ತಪ್ಪಿಸಬಹುದು, ತಪ್ಪಿಸಲೇಬೇಕೆಂಬ ನಿಯಮವಿಲ್ಲ. ಪ್ರಾಮಿಸ್ ಕ್ಲಾಸ್‌ನಲ್ಲಿ ನಿಮ್ಮದೇ ಆಪರೇಟರ್ ನ್ಯೂ ಬರೆದು ಮೊದಲೇ ಕಾದಿಟ್ಟ ಬಫರ್‌ನಿಂದ ಜಾಗ ಕೊಡಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಸ್ವಿಚ್ ಬಳಸಿದ ಹಳೆಯ ಸ್ಟೇಟ್ ಮೆಷಿನ್ ಇನ್ನೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಹೀಪ್ ನಿರ್ದೋಷಿ ಎಂದಾದರೆ ಸ್ಟ್ಯಾಕ್ ಅಳೆಯಿರಿ. ಚಿಪ್ ಏಳುವಾಗ ಖಾಲಿ ರ‍್ಯಾಮ್ ಪೂರ್ತಿ ಒಂದೇ ಗುರುತಿನ ಬೈಟ್ ತುಂಬಿಸಿ, ಕೆಲ ಹೊತ್ತು ಓಡಿಸಿ, ಆ ಗುರುತು ಎಲ್ಲಿಯವರೆಗೆ ಅಳಿಸಿಹೋಗಿದೆ ನೋಡಿ. ಯಾವ ಫಂಕ್ಷನ್ ಎಷ್ಟು ತಿನ್ನುತ್ತದೆ ಎಂಬುದಕ್ಕೆ ಜಿಸಿಸಿಯ ‘-ಎಫ್‌ಸ್ಟ್ಯಾಕ್-ಯೂಸೇಜ್’ ಪ್ರತಿ ಫೈಲ್‌ಗೂ ಪಟ್ಟಿ ಬರೆದುಕೊಡುತ್ತದೆ.

ನಿಧಾನವಾದರೆ

ಆರ್ಮ್‌ನ ಕಾರ್ಟೆಕ್ಸ್-ಎಂ3 ಪ್ರೊಸೆಸರ್ ಮತ್ತು ಅದರ ಮೇಲಿನವುಗಳಲ್ಲಿ ಇರುವ ಸೈಕಲ್ ಕೌಂಟರ್‌ನಿಂದ, ಎಂ0 ಆದರೆ ಒಂದು ಪಿನ್ ಮೇಲೆ ಕೆಳಗೆ ಮಾಡಿ ಆಸಿಲೋಸ್ಕೋಪ್‌ನಿಂದ ಅಳೆಯಿರಿ. ನಂತರ ಮ್ಯಾಪ್ ಫೈಲ್‌ನಲ್ಲಿ ‘ಎಇಎಬಿಐ’ ಎಂದು ಶುರುವಾಗುವ ಹೆಸರುಗಳನ್ನು ಹುಡುಕಿ. ಇವುಗಳಲ್ಲಿ ಹೆಚ್ಚಿನವು ಹಾರ್ಡ್‌ವೇರ್ ಮಾಡಲಾಗದ ಲೆಕ್ಕವನ್ನು ಸಾಫ್ಟ್‌ವೇರ್‌ನಲ್ಲಿ ಮಾಡುವ ಫಂಕ್ಷನ್‌ಗಳು.

‘ಡಿಮುಲ್’, ‘ಡಿಆಡ್’ ಕಂಡರೆ ಡಬಲ್ (64 ಬಿಟ್ ದಶಮಾಂಶ ಸಂಖ್ಯೆ) ನುಸುಳಿದೆ. ಕಾರ್ಟೆಕ್ಸ್-ಎಂ4ರ ಫ್ಲೋಟಿಂಗ್ ಪಾಯಿಂಟ್ ಘಟಕಕ್ಕೆ ಗೊತ್ತಿರುವುದು 32 ಬಿಟ್ ಫ್ಲೋಟ್ ಮಾತ್ರ. ‘ಆಟೊ’ ಬಳಸಿ 0.1ರಿಂದ ಗುಣಿಸಿದರೆ ಫಲಿತಾಂಶ ಡಬಲ್ ಆಗುತ್ತದೆ, ಕೋಡ್ ಓದುವವರಿಗೆ ಅದು ಕಾಣುವುದೂ ಇಲ್ಲ. ಮೊದಲಾದರೆ ಫ್ಲೋಟ್ ಎಂದಾದರೂ ಬರೆದಿರುತ್ತಿದ್ದೆವು, ಕೊನೆಗೆ ಇಳಿಸಿಕೊಂಡಾದರೂ ಬರುತ್ತಿತ್ತು. ‘ಡಬಲ್-ಪ್ರಮೋಶನ್’ ಎಚ್ಚರಿಕೆ ಚಾಲೂ ಮಾಡಿ, ಸಂಖ್ಯೆಯ ಕೊನೆಗೆ ಎಫ್ ಹಚ್ಚಿ.

‘ಎಲ್‌ಡಿವ್‌ಮಾಡ್’ ಕಂಡರೆ 64 ಬಿಟ್ ಭಾಗಾಕಾರ, ಹೆಚ್ಚಿನ ಪಾಲು ಸಮಯ ಲೆಕ್ಕದ ಲೈಬ್ರರಿ ‘ಕ್ರೋನೊ’ದ ಕೊಡುಗೆ. ಅದರ ಸಿದ್ಧ ಮಿಲಿಸೆಕೆಂಡ್ ವಿಧ ಒಳಗೆ 64 ಬಿಟ್. ನ್ಯಾನೊಸೆಕೆಂಡ್‌ನಿಂದ ಮಿಲಿಸೆಕೆಂಡ್‌ಗೆ ಬದಲಿಸುವ ಪ್ರತಿ ಸಲವೂ ಸಾಫ್ಟ್‌ವೇರ್ ಭಾಗಾಕಾರ ನಡೆಯುತ್ತದೆ. ಎಂ0ನಲ್ಲಂತೂ 32 ಬಿಟ್ ಭಾಗಾಕಾರಕ್ಕೂ ಹಾರ್ಡ್‌ವೇರ್ ಇಲ್ಲ. ಕ್ರೋನೊ ಬಿಡಬೇಡಿ, ಸೆಕೆಂಡ್ ಮತ್ತು ಮಿಲಿಸೆಕೆಂಡ್ ಬೆರೆಸಿ ಮಾಡುವ ತಪ್ಪುಗಳನ್ನು ಅದು ಕಂಪೈಲ್ ಸಮಯದಲ್ಲೇ ಹಿಡಿಯುತ್ತದೆ. 32 ಬಿಟ್ ಸಂಖ್ಯೆಯ ಮೇಲೆ ನಿಮ್ಮದೇ ಡ್ಯುರೇಶನ್ ವಿಧ ಮಾಡಿಕೊಂಡು ಎಲ್ಲ ಕಡೆ ಅದನ್ನೇ ಬಳಸಿ, ಬದಲಾವಣೆಯ ಅಗತ್ಯವೇ ಬೀಳದಂತೆ.

ಮೈಕ್ರೊಪೈಥಾನ್ ಇದ್ದರೆ

ಪುಟ್ಟ ಚಿಪ್‌ಗಳಿಗೆಂದೇ ಮಾಡಿದ ಈ ಪೈಥಾನ್‌ನಲ್ಲಿ ರೋಗಲಕ್ಷಣ ಒಂದೇ, ಮೆಮೊರಿ ಎರರ್. ಮೊದಲ ಮೈಕ್ರೊಬಿಟ್‌ನಲ್ಲಿ ರ‍್ಯಾಮ್ ಇದ್ದದ್ದೇ 16 ಕೆಬಿ, ಹಾಗಾಗಿ ಆಶ್ಚರ್ಯವಿಲ್ಲ. ಪಿಕೊದಲ್ಲೂ ಬರುತ್ತದೆ ಎಂಬುದು ಗಮನಿಸಬೇಕಾದ ವಿಷಯ.

ಖಾಲಿ ಹೀಪ್ ಸಾಕಷ್ಟಿದೆ ಎಂದು ‘ಮೆಮ್-ಫ್ರೀ’ ಹೇಳಿದರೂ ದೊಡ್ಡ ಬಫರ್ ಸಿಗುತ್ತಿಲ್ಲವಾದರೆ ಹೀಪ್ ಚೂರುಚೂರಾಗಿದೆ. ‘ಮೆಮ್-ಇನ್ಫೊ’ಗೆ 1 ಕೊಟ್ಟು ಕರೆದರೆ ಹೀಪ್‌ನ ನಕ್ಷೆಯೇ ಮುದ್ರಣವಾಗುತ್ತದೆ, ಚುಕ್ಕೆಗಳ ನಡುವೆ ಅಕ್ಷರಗಳು ಅಲ್ಲಲ್ಲಿ ಚದುರಿದ್ದರೆ ರೋಗ ಖಚಿತ. ಎಫ್-ಸ್ಟ್ರಿಂಗ್ ಪ್ರತಿ ಸುತ್ತಿಗೂ ಹೊಸ ಸ್ಟ್ರಿಂಗ್ ಕಟ್ಟುತ್ತದೆ, ಲಿಸ್ಟ್ ಕಾಂಪ್ರಹೆನ್ಷನ್ ಇಡೀ ಪಟ್ಟಿಯನ್ನು ಒಮ್ಮೆಗೇ ತಯಾರಿಸುತ್ತದೆ, ಅನೇಕ ಬೋರ್ಡ್‌ಗಳಲ್ಲಿ ಪ್ರತಿ ಫ್ಲೋಟ್ ಕೂಡ ಹೀಪ್‌ನಲ್ಲಿ ಒಂದು ಆಬ್ಜೆಕ್ಟ್. ದೊಡ್ಡ ಬಫರ್‌ಗಳನ್ನು ಪ್ರೋಗ್ರಾಂ ಶುರುವಿನಲ್ಲೇ ಕಾದಿಟ್ಟು ಮತ್ತೆ ಮತ್ತೆ ಅದರೊಳಗೇ ಓದಿ, ಲಿಸ್ಟ್ ಬದಲು ಜನರೇಟರ್ ಬಳಸಿ. ಇಂಪೋರ್ಟ್ ಮಾಡುವಾಗಲೇ ಸತ್ತರೆ ಕಾರಣ ಬೇರೆ: ಬೋರ್ಡ್ ಮೇಲೆ ಕಂಪೈಲ್ ಮಾಡಲು ಜಾಗ ಸಾಲುತ್ತಿಲ್ಲ. ‘ಎಂಪಿವೈ-ಕ್ರಾಸ್’ನಿಂದ ಕಂಪ್ಯೂಟರ್‌ನಲ್ಲೇ ಕಂಪೈಲ್ ಮಾಡಿ ಕಳಿಸಿ.

ನೀವು ಏನೂ ಬದಲಿಸಿಲ್ಲ, ಆದರೂ ಬೆಳೆದಿದೆ

ಟೂಲ್‌ಚೈನ್ ಹೊಸದಾಗಿದೆಯೇ ನೋಡಿ. ಜಿಸಿಸಿ 6ರಿಂದ ಡೀಫಾಲ್ಟ್ ಸ್ಟ್ಯಾಂಡರ್ಡ್ (ಭಾಷೆಯ ಆವೃತ್ತಿ) ಸಿ++14, ಜಿಸಿಸಿ 11ರಿಂದ ಸಿ++17. ನೀವು ಸ್ಟ್ಯಾಂಡರ್ಡ್ ಯಾವುದೆಂದು ಹೇಳದಿದ್ದರೆ ಕಂಪೈಲರ್ ಜೊತೆ ಅದೂ ಬದಲಾಗುತ್ತದೆ. ಬೇರ್ಪಡಿಸಲು ಹೊಸ ಕಂಪೈಲರ್‌ಗೆ ಹಳೆಯ ಸ್ಟ್ಯಾಂಡರ್ಡ್ ಫ್ಲ್ಯಾಗ್ ಕೊಟ್ಟು ಬಿಲ್ಡ್ ಮಾಡಿ, ಎರಡೂ ಬಿಲ್ಡ್‌ಗಳ ಎನ್‌ಎಂ ಪಟ್ಟಿಗಳನ್ನು ಡಿಫ್ ಮಾಡಿ. ವ್ಯತ್ಯಾಸ ಮಾಯವಾದರೆ ಸ್ಟ್ಯಾಂಡರ್ಡ್ ಕಾರಣ. ಹಾಗೇ ಉಳಿದರೆ ಕಂಪೈಲರ್‌ನ ಇನ್‌ಲೈನ್ ನಿರ್ಧಾರಗಳನ್ನೋ, ಜೊತೆಗೆ ಬಂದ ಹೊಸ ಲೈಬ್ರರಿಯನ್ನೋ ಅನುಮಾನಿಸಿ. ಸ್ಟ್ಯಾಂಡರ್ಡ್ ಲೈಬ್ರರಿಯೇ ಇಲ್ಲದ ಎವಿಆರ್‌ನಲ್ಲಿ ಇದೇ ಬದಲಾವಣೆ ಲಿಂಕರ್ ದೋಷವಾಗಿ ಕಾಣಿಸಿಕೊಳ್ಳಬಹುದು: ಸಿ++14ರಿಂದ ಡಿಲೀಟ್‌ಗೆ ಗಾತ್ರವನ್ನೂ ಕಳಿಸುವ ಇನ್ನೊಂದು ರೂಪ ಬಂದಿದೆ, ನೀವು ಕೈಯಾರೆ ಬರೆದುಕೊಂಡಿದ್ದು ಹಳೆಯ ಒಂದನ್ನು ಮಾತ್ರ. ಎರಡನೆಯದನ್ನು ಒಂದೇ ಸಾಲಿನಲ್ಲಿ ಬರೆದು ಮೊದಲನೆಯದನ್ನು ಕರೆಯಿಸಿ.